ಆಟದ ನೆಲವನ್ನು ಕುರಿತು

ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಜರುಗುವ ವಸ್ತುಪ್ರದರ್ಶನಗಳನ್ನು ಪಾಲಕರೆಲ್ಲರೂ ಬಲ್ಲರು. ಪೇಟೆಯಿಂದ ತಂದ ಥರ್ಮಾಕೋಲಿನಿಂದ ಗುಡ್ಡ, ಕೋಟೆ, ಅಣೆಕಟ್ಟುಗಳು ಏಳುತ್ತವೆ. ಎರಡು ದಿವಸ ಮೆಚ್ಚಿಕೆ ಪಡೆಯುತ್ತವೆ. ಮೂರನೆಯ ದಿವಸ ತಿಪ್ಪೆಗೆ ಸೇರುತ್ತವೆ. ಮರುವರ್ಷ ಮತ್ತೆ ಅದೇ ಖರ್ಚು. ಹಣವುಳ್ಳವರ ಮಗಳ ಗುಡ್ಡವು ದೊಡ್ಡದಾಗಿಯೂ ಕೂಲಿಯವರ ಮಗಳ ಗುಡ್ಡವು ಸಣ್ಣದಾಗಿಯೂ ತೋರುವದು ಇದರ ಇನ್ನೊಂದು ಕೇಡು. ಆದುದರಿಂದ, ಬಿಡಿ ಹಲಗೆಗಳ ಮೇಲೆ ಒಮ್ಮೆ ಮಾಡಿಟ್ಟು ವರ್ಷವರ್ಷವೂ ಬೇರೆ ಬೇರೆಯಾಗಿ ಜೋಡಿಸಬಹುದಾದ ಆಟದ ನೆಲವೊಂದನ್ನು ನಮ್ಮ ಬಾಲಿಕೆಯರು ತಾವೇ ಸಿದ್ಧಪಡಿಸಬೇಕೆಂಬುದು ನಮ್ಮ ಅಭಿಪ್ರಾಯವು.

ಇದು ಹೊಸ ಕಲ್ಪನೆಯೇನೂ ಅಲ್ಲ. 1812ರಲ್ಲಿ ಪ್ರಶ್ಯ ದೇಶದ ರೈಸ್‌ವಿಟ್ಸ್ ಎಂಬವನು ಹೊಳೆ, ದಾರಿ, ದಿಬ್ಬಗಳುಳ್ಳ ಬಿಲ್ಲೆಗಳನ್ನು ಬೇಕಾದಂತೆ ಜೋಡಿಸಿ ಯುದ್ಧದ ಆಟವಾಡುವ ಮೇಜೊಂದನ್ನು ತನ್ನ ಅರಸನಿಗೆ ಒಪ್ಪಿಸಿದನು. ಇಂಗ್ಲೆಂಡಿನ ಎಚ್. ಜಿ. ವೆಲ್ಸ್ 1913ರಲ್ಲಿ ಇಂಥ ಆಟದ ಮೇಲೆ ಪುಸ್ತಕವನ್ನೇ ಬರೆದನು; ಆದರೆ ಅದರ ಉಪಶೀರ್ಷಿಕೆಯಲ್ಲಿ ಜಾಣೆಯರಾದ ಕೆಲವು ಹುಡುಗಿಯರಿಗೆ ಮಾತ್ರ ಎಡೆಗೊಟ್ಟನು! 1970ರ ದಶಕದಿಂದೀಚೆಗೆ ರಾಕ್ಷಸರೂ ಮಾಂತ್ರಿಕರೂ ಕಾದಾಡುವ ಕಲ್ಪಿತ ಯುದ್ಧಗಳಿಗೂ ಇಂಥ ನೆಲಗಳನ್ನು ಮಾಡುವದು ಹೊರದೇಶಗಳಲ್ಲಿ ದೊಡ್ಡ ಹವ್ಯಾಸವಾಗಿದೆ. ನಮ್ಮ ನೆರೆಯ ಬೆಳಗಾವಿಯಲ್ಲಿ ದೀಪಾವಳಿಗೆ ಮಕ್ಕಳು ಮಣ್ಣಿನ ಕೋಟೆ ಕಟ್ಟಿ ಗೊಂಬೆಯ ಸೈನಿಕರನ್ನು ನಿಲ್ಲಿಸುವದನ್ನು ಯಾರು ಕಂಡಿಲ್ಲ?

ಸಾಮಗ್ರಿಗಾಗಿ ಪೇಟೆಗೆ ಹೋಗಬೇಕಾಗಿಲ್ಲ. ಹಳೆಯ ಕಾಗದವನ್ನು ನೆನೆಯಿಟ್ಟು, ಮೆಂತ್ಯ ಬೆರೆಸಿ ಕುಟ್ಟಿ, ಬುಟ್ಟಿಗಳಿಗೆ ಮೆತ್ತುವ ಕೆಲಸವನ್ನು ನಮ್ಮ ಅಜ್ಜಿಯಂದಿರು ಬಲ್ಲರು. ಅದೇ ರೊಜ್ಜಿನಿಂದ ಗುಡ್ಡವನ್ನು ಮಾಡಬಹುದು. ಕಿನ್ನಾಳದ ಚಿತ್ರಗಾರರು ಬಳಸುವ ಹುಣಸೆಯ ಅಂಟು ಇದೆ. ಮನೆಗಳಿಗೆ ಜೋಳದ ದಂಟಿನ ಬೆಂಡು, ಗಿಡಗಳಿಗೆ ಹತ್ತಿಯ ಕಡ್ಡಿ, ಹೊಲಕ್ಕೆ ಜರಡಿ ಹಿಡಿದ ಎರೆಮಣ್ಣು ಇವೆ. ಹಲಗೆಯು ಒಂದು ಅಡಿ ಚೌಕವಿರಲಿ. ಹನ್ನೆರಡು ಹಲಗೆಗಳಿಂದ ಮೂರಡಿಗೆ ನಾಲ್ಕಡಿಯ ನಾಡು ಆಗುವದು. ಹೊಳೆಯು ಪ್ರತಿಯೊಂದು ಹಲಗೆಯ ಅಂಚಿನ ನಡುವಿನಲ್ಲಿಯೇ, ಒಂದೇ ಅಗಲದಲ್ಲಿ ಹೊರಬೀಳಬೇಕು. ಹಾಗಾದರೆ ಯಾವ ಹಲಗೆಯ ಹೊಳೆಯೂ ಯಾವದಕ್ಕೂ ಕೂಡುವದು. ರೊಜ್ಜನ್ನು ತೆಳುವಾಗಿ ಹಚ್ಚಿ ನೆರಳಿನಲ್ಲಿ ಒಣಗಿಸಬೇಕು; ಬಿಸಿಲಿಗಿಟ್ಟರೆ ಹಲಗೆ ಬಾಗುವದು.

ಇನ್ನು ಆ ನೆಲದ ಮೇಲೆ ಯಾವ ಆಟ? 1565ನೆಯ ಜನವರಿ 23ರ ಯುದ್ಧಕ್ಕೆ ಹೆಸರು ಕೊಟ್ಟ ರಕ್ಕಸಗಿ, ತಂಗಡಗಿಗಳು ಮುದ್ದೇಬಿಹಾಳ ಸೀಮೆಯ ಕೃಷ್ಣಾತೀರದವು. ಕೃಷ್ಣೆಯ ಹಾಯ್ಗಡವನ್ನು ವಿಜಯನಗರದ ದಂಡು ಕಾಯುತ್ತಿದ್ದಾಗ, ಸುಲ್ತಾನರ ಸೈನ್ಯವು ದಂಡೆಗುಂಟ ಬೇರೆಡೆಗೆ ಹೊರಟಂತೆ ನಟಿಸಿ, ಕಾವಲು ತೆರವಾದೊಡನೆ ಮರಳಿ ಬಂದು ಹೊಳೆ ದಾಟಿತೆಂದು ಫೆರಿಷ್ತನು ಬರೆದಿದ್ದಾನೆ. ಪುಸ್ತಕದಲ್ಲಿ ಇದು ಒಂದು ಸಾಲು. ಹಲಗೆಯ ಮೇಲೆ ಕಾವಲುಗಾರರ ಗೊಂಬೆಗಳನ್ನು ತಾನೇ ಸರಿಸಿದ ಬಾಲಿಕೆಗಾದರೋ ಅದು ಮರೆಯಲಾರದ ಪಾಠವು.

ಹೆಣ್ಣುಮಕ್ಕಳಿಗೆ ಯುದ್ಧದ ಆಟವೇಕೆಂದು ಕೆಲವರು ಕೇಳಬಹುದು. ಆಟವು ಯುದ್ಧದ್ದೇ ಆಗಬೇಕೆಂದಿಲ್ಲ. ಅವೇ ಹಲಗೆಗಳನ್ನು ತಿರುಗಿಸಿಟ್ಟರೆ ಇಂಡಿ, ಸಿಂದಗಿಗಳ ಭೀಮೆಯ ನೆರೆಯಾಗುವದು, ಡೋಣಿಯ ಎರೆಹೊಲವಾಗುವದು. ಬಸವನ ಬಾಗೇವಾಡಿಯ ಸೀಮೆಯಲ್ಲಿ 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿಯ ಅಣೆಕಟ್ಟಿನ ಹಿನ್ನೀರಿನಲ್ಲಿ ಎಷ್ಟೋ ಊರುಗಳು ಮುಳುಗಿದವು. ಆ ಊರುಗಳ ಓಣಿ, ಬಾವಿ, ಕಟ್ಟೆಗಳು ಎಲ್ಲಿದ್ದವೆಂದು ಬಲ್ಲವರು ಈಗ ಮುದುಕರಾಗಿದ್ದಾರೆ. ಅವರನ್ನು ಕೇಳಿ ಮೊಮ್ಮಗಳು ಒಂದು ಹಲಗೆಯನ್ನು ಮಾಡಿದರೆ, ನೀರು ನುಂಗಿದ ನೆಲವು ಅಷ್ಟಾದರೂ ಉಳಿಯುವದು. ಎರಡು ದಿವಸದ ಥರ್ಮಾಕೋಲಿಗೆ ಈ ಭಾರವನ್ನು ಹೊರುವ ಶಕ್ತಿಯುಂಟೇ?

ಪಾಲಕರು ಹಣವನ್ನಲ್ಲ, ಹಳೆಯ ಕಾಗದವನ್ನೂ ಹಲಗೆಯ ತುಂಡುಗಳನ್ನೂ ಕಳುಹಲಿ. ಹಳೆಯ ವಿದ್ಯಾರ್ಥಿನಿಯರು ವರ್ಷಕ್ಕೆ ಒಂದು ದಿವಸ ಬಂದು ಕೈಗೂಡಿಸಲಿ. ಶಾಲೆಯು ಹಲಗೆಗಳನ್ನಿಡಲು ಒಂದು ಕಪಾಟನ್ನು ಬಿಟ್ಟುಕೊಡಲಿ. ಪ್ರತಿಯೊಂದು ತರಗತಿಯು ವರ್ಷಕ್ಕೆ ಒಂದೇ ಹಲಗೆಯನ್ನು ಕೂಡಿಸಿದರೂ, ಇಂದು ಐದನೆಯ ತರಗತಿಯಲ್ಲಿರುವ ಬಾಲಿಕೆಯು ಶಾಲೆಯನ್ನು ಬಿಡುವಷ್ಟರಲ್ಲಿ ಈ ನಾಲ್ಕೂ ತಾಲೂಕುಗಳ ನೆಲವು ಆಕೆಯ ಕೈಗೆ ಪರಿಚಿತವಾಗಿರುವದು.