ಎಳಿ ಬೀಳದ ವರ್ಷದಾಗೂ ಡ್ರಾಗನ್ ಸಾಕಬೇಕು

ಡ್ರಾಗನ್ ಅಂದ ಕೂಡ್ಲೇ ನಮ್ಮವರು "ಅದೇನು, ಸಣ್ಣ ಹುಡುಗರ ಕಥಿ" ಅಂತ ಪುಸ್ತಕ ಬಾಜೂಕ ಇಡ್ತಾರ. ನಾ ಅದನ್ನ ಒಪ್ಪಂಗಿಲ್ರೀ. ಆನ್ ಮೆಕ್ಯಾಫ್ರಿ ಬರದ 'ಡ್ರಾಗನ್‌ಫ್ಲೈಟ್' ಮನಿ ನಡಸೋ ಹೆಣ್ಮಕ್ಕಳಿಗೆ ಲಗೂನ ತಿಳಿಯೋ ಕಾದಂಬರಿ. 1968ರಾಗ ಬಂದದ್ದು. ಇದರ ಮೊದಲ ಭಾಗ ಬಿಡಿ ಕಥಿಯಾಗಿ ಬಂದಾಗ ಹ್ಯೂಗೋ ಪ್ರಶಸ್ತಿ ಸಿಕ್ತು. ಕಥಿ ಬರದು ಆ ಪ್ರಶಸ್ತಿ ತಗೊಂಡ ಮೊದಲ ಹೆಣ್ಮಗಳು ಈಕಿನ.

ಪರ್ನ್ ಅಂತ ಒಂದು ಲೋಕ. ಕೆಂಪು ನಕ್ಷತ್ರ ಹತ್ರ ಬಂದಾಗ ಅಲ್ಲಿ ಆಕಾಶದಿಂದ ಬೆಳ್ಳಿ ಬಣ್ಣದ ಎಳಿ ಉದುರತಾವ. ನೆಲಕ್ಕ ಬಿದ್ರ ಹಸರೆಲ್ಲಾ ತಿಂದು ಹಾಕ್ತಾವ. ಡ್ರಾಗನ್‌ಗಳು ಒಂದು ನಮೂನಿ ಕಲ್ಲು ಅಗದು, ಬೆಂಕಿ ಉಗುಳಿ, ಅವನ್ನ ಗಾಳ್ಯಾಗನ ಸುಡತಾವ. ಸವಾರರು ಉತ್ತಿ ಬಿತ್ತೋ ಮಂದಿ ಅಲ್ಲ. ಊರವರು ಕೊಡೋ ಕಾಳು-ಕಡಿ ಮ್ಯಾಲೆ ಅವರ ಜೀವನ.

ಕಥಿ ಶುರುವಾಗೋ ಹೊತ್ತಿಗೆ 400 ವರ್ಷ ಆಗ್ಯಾವ, ಎಳಿ ಬಿದ್ದಿಲ್ಲ. ಡ್ರಾಗನ್‌ಗಳ ಆರು ನೆಲಿಯೊಳಗ ಐದು ಖಾಲಿ. ಉಳದ ಒಂದಕ್ಕೂ "ಕುಂತು ಉಣ್ಣೋರಿಗೆ ಯಾಕ ಕೊಡಬೇಕು?" ಅಂತ ಒಡೆಯರು ಕೈ ಬಿಗಿ ಹಿಡೀತಾರ. ಗೋಡಿ ತನಕ ಹಸರು ಬೆಳಿಯಾಕ ಬಿಡ್ತಾರ. ಎಳಿ ಬಿದ್ದ ದಿವಸ ಡ್ರಾಗನ್ ಸಾಕ್ತೀನಿ ಅಂದ್ರ ಆಗ್ತದೇನು? ಕಾಳು ಬಿಸಿಲಿಗೆ ಹಾಕಿದ್ದು ಯಾರ ಕಣ್ಣಿಗೂ ಬೀಳಂಗಿಲ್ಲ, ಹುಳ ಬಿದ್ದದ್ದು ಮಾತ್ರ ಎಲ್ಲಾರಿಗೂ ಕಾಣ್ತದ. ತಯಾರಿದ್ದು ಕಾಯೋದೂ ದುಡಿಮಿನ ಅನ್ನೋದು ಈ ಪುಸ್ತಕದ ತಿರುಳು ಅಂತ ನನ್ನ ಮಾತು.

ಲೆಸಾನ್ನ ನೋಡ್ರಿ. ಮನಿಯವರನ್ನೆಲ್ಲಾ ಕೊಂದ ಫ್ಯಾಕ್ಸ್‌ನ ಕೈಯಾಗ ಊರು ಸಿಕ್ಕಾಗ, ಈಕಿ ಅಲ್ಲೇ ಅಡಗಿಮನಿ ಆಳಾಗಿ ಮಸಿ ಬಳ್ಕೊಂಡು ಹತ್ತು ವರ್ಷ ಇರ್ತಾಳ. ಅವಗ ಆ ಊರಿಂದ ಲಾಭ ಹುಟ್ಟದಂಗ ಮಾಡ್ತಾಳ. ಮುಂದ ರಾಣಿ ಡ್ರಾಗನ್ ರಾಮೋತ್ ಆಕಿನ್ನ ಆರಿಸ್ಕೋತದ. "ರಾಣಿ ಹಾರೂದಿಲ್ಲ" ಅಂತ ಹಿರಿಯರು ತಡದ್ರೂ ಹಾರ್ತಾಳ. ಒಂದು ಹಳೇ ನೇಯ್ಗಿ ಪರದಿ ಮ್ಯಾಲಿನ ಚಿತ್ರಾನ ಗುರ್ತು ಹಿಡಕೊಂಡು 400 ವರ್ಷ ಹಿಂದ ಹೋಗಿ, ಖಾಲಿ ಆದ ಐದೂ ನೆಲಿಯವರನ್ನ ಕರ್ಕೊಂಡು ಬರ್ತಾಳ.

ಹಂಗಂತ ಎಲ್ಲಾ ಚಲೋ ಅನ್ನಂಗಿಲ್ಲ. ಫ್ಲಾರ್ ಸಿಟ್ಟು ಬಂದಾಗ ಆಕಿ ಭುಜ ಹಿಡದು ಅಲ್ಲಾಡಸ್ತಾನ, ಬರದಾಕಿ ಅದನ್ನ ಪ್ರೀತಿ ಅಂತ ನಡಸ್ತಾಳ. ರಾಣಿ ಡ್ರಾಗನ್‌ನ ಯಾವ ಗಂಡು ಹಿಡೀತದೋ ಅದರ ಸವಾರನ ಒಡೆಯ, ಲೆಸಾನ ಜೋಡಿನೂ ಅವನ. ಆಕಿ ಮನಸ್ಸು ಕೇಳೋರಿಲ್ಲ. ಉಗ್ರಾಣ, ಅಡಗಿ ಎಲ್ಲಾ ತೂಗಿಸೋ ಮನೋರಾಗ ಸಿಕ್ಕಿದ್ದು ನಾಲ್ಕು ಮಾತು ಅಷ್ಟ.

ಅದಕ್ಕ ಮಗಳಿಗೋ ಸೊಸಿಗೋ ಇದನ್ನ ಕೊಡ್ರಿ, ಆದ್ರ ನೀವೂ ಓದ್ರಿ. ಆಮ್ಯಾಲೆ ಈ ಭುಜದ ಮಾತು ಬಾಯಿ ಬಿಟ್ಟು ಮಾತಾಡ್ರಿ. ಡ್ರಾಗನ್ ಹಾರಿದ್ದು ಅವ್ರಿಗೆ ತಾನ ತಿಳೀತದ. ಇದನ್ನ ಯಾರರ ಹೇಳಬೇಕಾಗ್ತದ.