ಕಾಣದ ಉರುಲು

ಬನಶಂಕರಿ ಎಂದರೆ ವನದ ಶಂಕರಿ. ಆ ದೇವಿಯ ಹೆಸರು ಹೊತ್ತ ದಕ್ಷಿಣ ಬೆಂಗಳೂರಿನ ಬಡಾವಣೆಯಲ್ಲಿ ವನವು ಇಂದು ಅಂಚಿಗೆ ಸರಿದಿದೆ. ಆರನೇ ಹಂತದ ಮಗ್ಗುಲಲ್ಲಿ ತುರಹಳ್ಳಿಯ ಕಿರು ಅರಣ್ಯ, ಅಲ್ಲಲ್ಲಿ ಉಳಿದ ಕೆರೆಗಳು, ಉದ್ಯಾನಗಳು, ರಸ್ತೆಬದಿಯ ಮರಗಳು, ಇಷ್ಟೇ ಹಕ್ಕಿಗಳ ಪಾಲಿಗೆ ದಕ್ಕಿರುವ ಆಸರೆ. ಹಳೆಯ ಹಂತಗಳ ಮನೆಗಳಿಗೆ ಸರಳು ಹಾಕಿದ ಸಣ್ಣ ಕಿಟಕಿಗಳಿದ್ದವು. ಕನಕಪುರ ರಸ್ತೆಯುದ್ದಕ್ಕೂ ಎದ್ದುನಿಂತ ಹೊಸ ವಸತಿ ಸಮುಚ್ಚಯಗಳಿಗಾದರೋ ನೆಲದಿಂದ ಸೂರಿನವರೆಗೆ ಗಾಜು. ಮನುಷ್ಯನ ಕಣ್ಣಿಗೆ ಅದು ಬೆಳಕು, ಸೊಗಸು. ಹಕ್ಕಿಯ ಕಣ್ಣಿಗೆ ಅದು ಏನೂ ಅಲ್ಲ. ಅದು ಕಾಣುವುದೇ ಇಲ್ಲ. ಅಪಾಯವಿರುವುದು ಅಲ್ಲಿಯೇ.

ಗಾಜು ಹಕ್ಕಿಯನ್ನು ಎರಡು ಬಗೆಯಲ್ಲಿ ವಂಚಿಸುತ್ತದೆ. ಮೂಲೆಯಲ್ಲಿ ಎರಡು ಗಾಜುಗಳು ಕೂಡಿದಲ್ಲಿ ಆಚೆಬದಿಯ ಮರ ನೇರವಾಗಿ ಕಂಡು, ನಡುವೆ ತೆರಪಿದೆಯೆಂದು ಹಕ್ಕಿ ನುಗ್ಗುತ್ತದೆ. ಹೊರಗೆ ಬೆಳಕಿದ್ದು ಒಳಗೆ ಕತ್ತಲಿದ್ದಾಗ ಗಾಜು ಕನ್ನಡಿಯಾಗಿ, ಅದರಲ್ಲಿ ಮೂಡಿದ ಆಕಾಶವನ್ನೇ ನಿಜವೆಂದು ನಂಬಿ ಹಾರುತ್ತದೆ. ಈ ವಿಷಯವನ್ನು ದಶಕಗಳ ಕಾಲ ಅಭ್ಯಸಿಸಿದ ಅಮೆರಿಕದ ಪಕ್ಷಿತಜ್ಞ ಡೇನಿಯಲ್ ಕ್ಲೆಮ್ ಅವರ ಪ್ರಕಾರ, ಹೀಗೆ ಬಡಿದು ಸಾಯುವ ಹಕ್ಕಿಗಳ ಕತ್ತು ಮುರಿದಿರುವುದಿಲ್ಲ. ತಲೆಗೆ ಬಿದ್ದ ಪೆಟ್ಟಿನಿಂದ ಮಿದುಳಿನಲ್ಲಿ ರಕ್ತಸ್ರಾವವಾಗಿರುತ್ತದೆ. ಆದ್ದರಿಂದ ಬಡಿದ ಮೇಲೆ ಎದ್ದು ಹಾರಿಹೋದ ಹಕ್ಕಿಯೆಲ್ಲವೂ ಬದುಕಿತೆಂದು ಸಮಾಧಾನಪಡುವಂತಿಲ್ಲ. ಕಟ್ಟಡಗಳಿಗೆ ಬಡಿದು ಅಮೆರಿಕ ಒಂದರಲ್ಲೇ ವರ್ಷಕ್ಕೆ 36 ಕೋಟಿಯಿಂದ 98 ಕೋಟಿಯವರೆಗೆ ಹಕ್ಕಿಗಳು ಸಾಯುತ್ತವೆಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು.

ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಮಡಿವಾಳಹಕ್ಕಿಯೋ ಸೂರಕ್ಕಿಯೋ ದಿನವೂ ಅದೇ ಕಿಟಕಿಗೆ, ಅದೇ ಕಾರಿನ ಕನ್ನಡಿಗೆ ಕುಕ್ಕುತ್ತಿದ್ದರೆ ಅದು ಅಪಘಾತವಲ್ಲ. ಮರಿಮಾಡುವ ಕಾಲದಲ್ಲಿ ತನ್ನ ಬಿಂಬವನ್ನೇ ಎದುರಾಳಿಯೆಂದು ಬಗೆದು ನಡೆಸುವ ಕಾದಾಟ ಅದು. ಕನ್ನಡಿಗೆ ಬಟ್ಟೆ ಮುಚ್ಚಿದರೆ ಜಗಳ ಮುಗಿಯುತ್ತದೆ. ಪೂರ್ಣ ವೇಗದಲ್ಲಿ ಬಂದು ಬಡಿಯುವ ಹಕ್ಕಿಯ ಕತೆ ಬೇರೆ; ಅದಕ್ಕೆ ಎರಡನೆಯ ಅವಕಾಶವಿರುವುದು ಅಪರೂಪ.

ನಗರದ ಕಿಟಕಿಯ ಚಿಂತೆ ಮಲೆನಾಡಿಗೇಕೆ ಎಂದು ಓದುಗರು ಕೇಳಬಹುದು. ಉತ್ತರವನ್ನು ನವರಂಗವೆಂಬ ಪುಟ್ಟ ಹಕ್ಕಿ ಹೇಳುತ್ತದೆ. ಹಿಮಾಲಯದ ತಪ್ಪಲು, ಮಧ್ಯಭಾರತದ ಕಾಡುಗಳಲ್ಲಿ ಮಳೆಗಾಲ ಕಳೆದು ಮರಿಮಾಡಿ, ಚಳಿಗಾಲಕ್ಕೆ ದಕ್ಷಿಣದ ಕಾಡುಗಳಿಗೂ ಶ್ರೀಲಂಕೆಗೂ ಬರುವ ವಲಸಿಗ ಇದು. ತೂಕ ಐವತ್ತು-ಅರವತ್ತು ಗ್ರಾಂ; ಪಯಣವೆಲ್ಲ ರಾತ್ರಿ. ಅಕ್ಟೋಬರ್–ನವೆಂಬರಿನಲ್ಲಿ ಬೆಂಗಳೂರಿನ ಅಂಗಳಗಳಲ್ಲಿ, ಮಹಡಿಗಳಲ್ಲಿ ಬಳಲಿಯೋ ಬಡಿದೋ ಬಿದ್ದ ನವರಂಗಗಳು ಸಿಗುವುದು ಪಕ್ಷಿವೀಕ್ಷಕರಿಗೆ ಹೊಸ ಸುದ್ದಿಯಲ್ಲ. ದೀಪಗಳ ಪ್ರಭೆ ಅವನ್ನು ದಾರಿತಪ್ಪಿಸುತ್ತದೆ. ಬೆಳಗಾಗುತ್ತಲೇ ಗಾಜು ಎದುರಾಗುತ್ತದೆ. ಘಟ್ಟದ ತೋಟಗಳಲ್ಲಿ ತರಗೆಲೆ ಕೆದಕಿ ಹುಳ ಹೆಕ್ಕಬೇಕಾದ ಹಕ್ಕಿ ಬನಶಂಕರಿಯ ಮೂರನೇ ಮಹಡಿಯಲ್ಲಿ ಸತ್ತರೆ, ನಷ್ಟ ಬನಶಂಕರಿಯದೊಂದೇ ಅಲ್ಲ.

ಬಿದ್ದ ಹಕ್ಕಿಯ ಸುತ್ತ ಸೇರಿದವರಲ್ಲಿ ಒಬ್ಬರಾದರೂ ಹೇಳುವ ಮಾತೊಂದಿದೆ: 'ಹೇಗೂ ಸತ್ತಿದೆ, ಸಾರಿಗಾಯಿತು.' ಬಡಿದದ್ದು ಕಾಡುಪಾರಿವಾಳವೋ ಕಾಡುಕೋಳಿಯೋ ಆಗಿದ್ದರೆ ಈ ಮಾತಿಗೆ ಬಲ ಹೆಚ್ಚು. ಸಣ್ಣ ಹಕ್ಕಿಯ ಮಾಂಸದ ರುಚಿ ಈ ನಾಡಿಗೆ ಹೊಸದಲ್ಲ. ಲಾವಕ್ಕಿ, ಬುರ್ಲಿ, ಗೌಜಲಗಳನ್ನು ಉರುಲು ಹಾಕಿ ಹಿಡಿದು, ಮೆಣಸು ಅರೆದು ಬೇಯಿಸುವ ಪರಿಪಾಠ ಹಳ್ಳಿಗಳಲ್ಲಿ ಹಿಂದಿನಿಂದಲೂ ಇತ್ತು. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ ಲಾವಕ್ಕಿಗಳ ಕಾಳಗಕ್ಕೆಂದೇ ಒಂದು ವಿನೋದ ಮೀಸಲಿದೆ. ಆದರೆ ಅಂದಿನ ಕಾಡು ಇಂದಿಲ್ಲ. ಅಂದಿನ ರೂಢಿ ಇಂದಿಗೆ ನ್ಯಾಯವಾಗದು. ನೂರು ಗ್ರಾಂ ತೂಗದ ಬುರ್ಲಿಯಿಂದ ದೊರೆಯುವುದು ಅರ್ಧ ಹಿಡಿ ಮಾಂಸ. ಅದೇ ಹಕ್ಕಿ ಹೊಲದಲ್ಲಿ ಬದುಕಿದ್ದರೆ ಗೆದ್ದಲು, ಹುಳು, ಕಳೆಯ ಬೀಜಗಳನ್ನು ಋತುವಿಡೀ ತಿನ್ನುತ್ತದೆ. ಕೃಷಿಯ ಲೆಕ್ಕದಲ್ಲೂ ಅಡುಗೆಯ ಪಾತ್ರೆಯೇ ನಷ್ಟದ ಬಾಬತ್ತು.

ಕಾನೂನು ಇನ್ನೂ ಸ್ಪಷ್ಟ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಮು ಬೇಟೆಯನ್ನು ನಿಷೇಧಿಸಿದರೆ, 39ನೇ ಕಲಮು ಸತ್ತು ಸಿಕ್ಕ ಮತ್ತು ಅರಿಯದೆ ಕೊಲ್ಲಲ್ಪಟ್ಟ ವನ್ಯಪ್ರಾಣಿಯನ್ನೂ ರಾಜ್ಯ ಸರ್ಕಾರದ ಸ್ವತ್ತೆಂದು ಘೋಷಿಸುತ್ತದೆ. ಅದು ಕೈಗೆ ಬಂದವರು 48 ಗಂಟೆಗಳೊಳಗೆ ಪೊಲೀಸ್ ಠಾಣೆಗೋ ಅಧಿಕೃತ ಅಧಿಕಾರಿಗೋ ತಿಳಿಸಬೇಕು. ಎಂದರೆ, ಕಿಟಕಿಗೆ ಬಡಿದು ಸತ್ತ ಕಾಡುಕೋಳಿಯನ್ನು ಬೇಯಿಸುವವನು 'ನಾನು ಕೊಲ್ಲಲಿಲ್ಲ' ಎಂದರೆ ಸಾಲದು. 2022ರ ತಿದ್ದುಪಡಿಯು ಸಾಮಾನ್ಯ ಅಪರಾಧಗಳ ದಂಡದ ಮಿತಿಯನ್ನು 25 ಸಾವಿರದಿಂದ 1 ಲಕ್ಷ ರೂಪಾಯಿಗೆ ಏರಿಸಿದೆ. ಕಾನೂನನ್ನು ಬದಿಗಿಟ್ಟರೂ ಆರೋಗ್ಯದ ಪ್ರಶ್ನೆ ಉಳಿಯುತ್ತದೆ. ಸತ್ತುಬಿದ್ದ ಹಕ್ಕಿ ಗಾಜಿನಿಂದಲೇ ಸತ್ತಿತೋ, ವಿಷದಿಂದಲೋ, ರೋಗದಿಂದಲೋ ಎಂಬುದನ್ನು ಅಡುಗೆಮನೆಯಲ್ಲಿ ನಿರ್ಣಯಿಸಲಾಗದು. 2012ರಲ್ಲಿ ಹೆಸರಘಟ್ಟದ ಕೋಳಿ ಸಾಕಣೆ ಕೇಂದ್ರದಲ್ಲಿ ಹಕ್ಕಿಜ್ವರ ಕಾಣಿಸಿದ್ದನ್ನು ಈ ರಾಜ್ಯ ಮರೆಯಬಾರದು.

ತಿನ್ನುವವರಿಗೆ ನ್ಯಾಯವಾದ ದಾರಿ ಇಲ್ಲದಿಲ್ಲ. 1974ರಲ್ಲಿ ಭಾರತಕ್ಕೆ ತಂದ ಜಪಾನಿ ಲಾವಕ್ಕಿ ಇಂದು ಸಾಕಣೆಯ ಹಕ್ಕಿ. ಹದಿನೇಳು–ಹದಿನೆಂಟು ದಿನಗಳಲ್ಲಿ ಮರಿಯೊಡೆದು ಐದಾರು ವಾರಗಳಲ್ಲಿ ಬೆಳೆಯುತ್ತದೆ. ತೊಡಕಿರುವುದು ಹೆಸರಿನಲ್ಲಿ. ಈ ಸಾಕುಹಕ್ಕಿಯನ್ನೂ ಜನ 'ಗೌಜಲ'ವೆಂದೇ ಕರೆಯುವುದರಿಂದ, ಅದೇ ಹೆಸರಿನ ಮರೆಯಲ್ಲಿ ಕಾಡಿನ ಹಕ್ಕಿಯೂ ಮಾರಾಟಕ್ಕೆ ನುಸುಳಬಲ್ಲದು. ಕೊಳ್ಳುವವರು ಎಲ್ಲಿಯದೆಂದು ವಿಚಾರಿಸಿಯೇ ಕೊಳ್ಳಬೇಕು.

ಇನ್ನು ಮಲೆನಾಡಿಗರು ತಮ್ಮನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ. ಉರುಲು ಹಾಕಿದ ಹುಡುಗನನ್ನು ಊರು ಬೈಯುತ್ತದೆ, ಪರಿಸರ ಸಂಘಟನೆಗಳೂ ಬೈಯುತ್ತವೆ. ಅದೇ ಊರಿನ ಗುಡ್ಡದ ನೆತ್ತಿಯಲ್ಲಿ ಕಣಿವೆಗೆ ಮುಖಮಾಡಿದ ಗಾಜಿನ ಗೋಡೆಯ ಅತಿಥಿಗೃಹ ಎದ್ದರೆ ಅದಕ್ಕೆ ಅಭಿವೃದ್ಧಿಯ ಹೆಸರು. ಪೊದೆಯಿಂದ ಪೊದೆಗೆ ತಗ್ಗಿನಲ್ಲಿ ಬಾಣದಂತೆ ಹಾರುವ ಪಚ್ಚೆರೆಕ್ಕೆಯ ಪಾರಿವಾಳಕ್ಕೂ ಪುಟ್ಟ ಮಿಂಚುಳ್ಳಿಗೂ ಇಂಥ ಗಾಜು ಮಹಾಶತ್ರು. ಉರುಲನ್ನು ಸಂಜೆ ಬಿಚ್ಚಬಹುದು. ಗಾಜು ವರ್ಷವಿಡೀ ಒಡ್ಡಿಕೊಂಡಿರುತ್ತದೆ. ಉರುಲು ಹಾಕಿದವನಿಗೆ ತಾನೇನು ಮಾಡುತ್ತಿದ್ದೇನೆಂದು ಗೊತ್ತು. ಗಾಜು ಹಾಕಿಸಿದವನಿಗೆ ಗೊತ್ತಿಲ್ಲ. ತಿಳಿದ ಮೇಲೂ ಸುಮ್ಮನಿದ್ದರೆ ಇಬ್ಬರಿಗೂ ವ್ಯತ್ಯಾಸವೇನು?

ಪರಿಹಾರ ದುಬಾರಿಯದೂ ಅಲ್ಲ, ದೂರದ್ದೂ ಅಲ್ಲ. ಗಾಜಿನ ಹೊರಮೈಯಲ್ಲಿ ಎರಡು ಅಂಗುಲಕ್ಕೊಂದರಂತೆ ಚುಕ್ಕೆ ಅಥವಾ ಗೆರೆ ಇದ್ದರೆ ಹಕ್ಕಿಗೆ ಅದು ಗೋಡೆಯಾಗಿ ಕಾಣುತ್ತದೆ. ಒಂದೇ ಒಂದು ಗಿಡುಗನ ಚಿತ್ರ ಅಂಟಿಸುವುದರಿಂದ ಪ್ರಯೋಜನ ಅತ್ಯಲ್ಪ. ಸೊಳ್ಳೆಪರದೆಯನ್ನು ಒಳಗಿನ ಬದಲು ಹೊರಗೆ ಬಿಗಿದರೆ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ಮಳೆಗಾಲಕ್ಕೆ ಜಗಲಿಗೆ ಕಟ್ಟುವ ಅಡಿಕೆ ದಬ್ಬೆಯ ತಟ್ಟಿ, ಬಿದಿರಿನ ಪರದೆ, ನಾಲ್ಕು ಅಂಗುಲಕ್ಕೊಂದರಂತೆ ಇಳಿಬಿಟ್ಟ ಹುರಿಹಗ್ಗಗಳೂ ಸಾಕು. ನೀರಿನ ಬಟ್ಟಲನ್ನು ಕಿಟಕಿಗೆ ಮೂರಡಿಯೊಳಗೆ ಇಡಬೇಕು, ಇಲ್ಲವೇ ಮೂವತ್ತಡಿ ಆಚೆ ಇಡಬೇಕು. ವಲಸೆಯ ತಿಂಗಳುಗಳಲ್ಲಿ ಅನಗತ್ಯ ದೀಪ ಆರಿಸಬೇಕು. ಶಿಕಾಗೋ ನಗರದ ಮೆಕಾರ್ಮಿಕ್ ಪ್ಲೇಸ್ ಎಂಬ ಕಟ್ಟಡಕ್ಕೆ 2023ರ ಅಕ್ಟೋಬರಿನ ಒಂದೇ ರಾತ್ರಿ ಸಾವಿರದ ಸಮೀಪ ಹಕ್ಕಿಗಳು ಬಡಿದು ಸತ್ತವು. ಮರುವರ್ಷ ಅದರ ಗಾಜಿಗೆ ಚುಕ್ಕೆಗಳ ಹಾಳೆ ಅಂಟಿಸಿದ ಮೇಲೆ ಸಾವು ಬಹುಪಾಲು ತಗ್ಗಿತು.

ಜೀವವಿರುವ ಹಕ್ಕಿ ಸಿಕ್ಕರೆ, ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿಟ್ಟು ಕತ್ತಲು, ನಿಶ್ಶಬ್ದ ಒದಗಿಸಬೇಕು. ಕೊಕ್ಕಿಗೆ ನೀರು ಹೊಯ್ಯಕೂಡದು, ಕಾಳು ತಿನ್ನಿಸಕೂಡದು. ಒಂದೆರಡು ಗಂಟೆಯ ಬಳಿಕ ಮರಗಳ ಬಳಿ ಪೆಟ್ಟಿಗೆ ತೆರೆಯಬೇಕು. ಹಾರದಿದ್ದರೆ ಅರಣ್ಯ ಇಲಾಖೆಗೆ, ಬನಶಂಕರಿಯವರಾದರೆ ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆಗೆ ಮುಟ್ಟಿಸಬಹುದು.

ಓದಲೆಂದು, ದುಡಿಯಲೆಂದು ಮಲೆನಾಡಿನ ಅನೇಕ ಮಕ್ಕಳು ಇಂದು ಬನಶಂಕರಿ, ಜಯನಗರ, ಜೆ.ಪಿ. ನಗರಗಳಲ್ಲಿದ್ದಾರೆ. ತಮ್ಮ ಕಟ್ಟಡಕ್ಕೆ ಯಾವ ಹಕ್ಕಿ, ಯಾವ ದಿನ, ಯಾವ ಕಿಟಕಿಗೆ ಬಡಿಯಿತೆಂದು ಅವರು ಒಂದು ಪುಸ್ತಕದಲ್ಲಿ ಬರೆದಿಡಲಿ. ಒಂದು ಕಟ್ಟಡದಲ್ಲಿ ಅಪಾಯಕಾರಿ ಗಾಜುಗಳು ಸಾಮಾನ್ಯವಾಗಿ ಕೆಲವೇ ಇರುತ್ತವೆ. ಅವು ಯಾವುವೆಂದು ತಿಳಿದರೆ ಅರ್ಧ ಕೆಲಸ ಮುಗಿಯಿತು. ಊರಿನಲ್ಲಿ ಹೊಸ ಮನೆ ಕಟ್ಟುವ ಹಿರಿಯರು ಗಾಜಿನ ಅಳತೆ ಹೇಳುವ ಮುನ್ನ ಅದರಾಚೆಯ ಮರವನ್ನೊಮ್ಮೆ ನೋಡಲಿ. ಮುಂದಿನ ಅಕ್ಟೋಬರಿನಲ್ಲಿ ನವರಂಗ ಮತ್ತೆ ಬರುತ್ತದೆ. ಅಷ್ಟರೊಳಗೆ ಒಂದೊಂದು ಮನೆಯಲ್ಲಿ ಒಂದೊಂದು ಕಿಟಕಿಯಾದರೂ ಹಕ್ಕಿಯ ಕಣ್ಣಿಗೆ ಕಾಣುವಂತಾಗಲಿ.