ಫ್ಯಾನ್ ಡೈರೆಕ್ಟ್ ಮಾಡಬ್ಯಾಡ್ರಿ

ನಮ್ಮ ರೋಣ, ನರಗುಂದ, ಗಜೇಂದ್ರಗಡ ಕಡೆ ಹಳೆ ಕಾರಿನ ಎಲ್ಲಾ ಜಡ್ಡಿಗೂ ಒಂದ ಮದ್ದು ಐತಿ: "ಡೈರೆಕ್ಟ್ ಮಾಡಿ ಬಿಡ್ರಿ." ರೇಡಿಯೇಟರ್ ಫ್ಯಾನ್ ತಿರಗವಲ್ದಾ? ಡೈರೆಕ್ಟ್. ಏಸಿ ಹಾಕಿದ್ರ ಟೆಂಪರೇಚರ್ ಮುಳ್ಳು ಏರ್ತೈತಾ? ಡೈರೆಕ್ಟ್. ಚಾವಿ ತಿರುವಿದ ಕೂಡ್ಲೆ ಫ್ಯಾನ್ ಗರ್ ಅಂತ ಶುರು ಆಗತೈತಿ, ಚಾವಿ ತಗಿಯೂತನಾ ನಿಂದ್ರೂದಿಲ್ಲ. ಮಿಸ್ತ್ರಿ ಕೈ ಒರಸ್ಕೋತ "ಇನ್ನ ಚಿಂತಿ ಇಲ್ರಿ ಅಕ್ಕಾರ" ಅಂತಾನ. ನಾ ಹೇಳ್ತೇನಿ, ಚಿಂತಿ ಶುರು ಆಗೂದ ಅಲ್ಲಿಂದ.

ಅಡಗಿ ಮನಿಯಾಕಿಗೆ ಕಾರಿನ ಉಸಾಬರಿ ಯಾಕಬೇ ಅಂತ ಕೇಳವ್ರು ಇದ್ದೀರಿ, ಗೊತ್ತೈತಿ. ಎಂಬತ್ತು ದಾಟಿದ ನಮ್ಮತ್ತಿನ್ನ ಹುಬ್ಬಳ್ಳಿ ದವಾಖಾನಿಗೆ ಕರ್ಕೊಂಡು ಹೋಗಾಕಿ ನಾನ. ಹಿಂದಿನ ಸೀಟಿನ್ಯಾಗ ಅವರ ತಲಿ ತೊಡಿ ಮ್ಯಾಲ ಇಟ್ಕೊಂಡು ಕುಂದ್ರಾಕಿನೂ ನಾನ. ಮೇ ತಿಂಗಳಾಗ ನರಗುಂದ ದಾಟಿ ನವಲಗುಂದದ ಕಡೆ ಹೊಂಟ್ರ ಎರಡೂ ಬಾಜೂ ಎರಿ ಹೊಲ, ನೆರಳು ಹುಡುಕಿದ್ರೂ ಸಿಗೂದಿಲ್ಲ. ಅಂಥಾ ಹಾದ್ಯಾಗ ಏಸಿ ಅಂದ್ರ ಶೋಕಿ ಅಲ್ಲ.

ನಮ್ಮನಿ ಗಾಡಿ ಹಳೆ ಮಾರುತಿ ಝೆನ್. ನನ್ನ ಮಗ ಅದಕ್ಕ ಸ್ಪೋರ್ಟ್ಸ್ ಕಾರು ಅಂತಾನ. ನನಗ ನಗಿ ಬರ್ತಿತ್ತು. ಖರೇ ಸ್ಪೋರ್ಟ್ಸ್ ಕಾರು ಅಂದ್ರ ಗೋವಾದಾಗ ತಯಾರಾಗ್ತಿದ್ದ ಸ್ಯಾನ್ ಸ್ಟಾರ್ಮ್ ಹಂಗ ಎರಡ ಬಾಗಲದ್ದು, ಮ್ಯಾಲಿನ ಟಪ್ಪು ತಗಿಯೂವಂಥಾದ್ದು. ಅದು ನಮ್ಮ ಓಣಿಗೆ ಎಲ್ಲಿಂದ ಬರಬೇಕ್ರಿ! ಆದ್ರ ನಮ್ಮ ಕಡೆ ಹುಡುಗರಿಗೆ ಝೆನ್, ಎಸ್ಟೀಮ್ ಇವ ಸ್ಪೋರ್ಟ್ಸ್ ಕಾರು. ಹಗೂರ ಗಾಡಿ, ಚುರುಕು ಎಂಜಿನ್, ರ‍್ಯಾಲಿಯೊಳಗ ಓಡಿಸಿದವ್ರು ಅದಾರ. ಅಂಥಾ ಗಾಡಿಗೆ ಇವ್ರು ಅಗಲ ಟೈರು, ದೊಡ್ಡ ಹಾರ್ನು, ಕಿವಿ ಕಿತ್ತು ಹೋಗೂ ಹಂಗ ಹಾಡು, ಎಲ್ಲಾ ಹಾಕಸ್ತಾರ. ಮುಂದಿನ ಜಾಳಿಗಿ ಎದುರಿಗೆ ಲೈಟು, ಹೆಸರಿನ ಬೋರ್ಡು ಬಡಿದು ಗಾಳಿ ಬರೂ ಹಾದಿನ ಮುಚ್ಚತಾರ. ಒಂದು ರಿಲೇ, ಒಂದು ಫ್ಯೂಸ್ ಹಾಕಸ್ರೋ ಅಂದ್ರ ಮಾತ್ರ "ಹಳೆ ಗಾಡಿಗೆ ಎಷ್ಟು ಹಾಕೂದ ಬೇ" ಅಂತಾರ.

ಈ ಫ್ಯಾನಿನ ಲೆಕ್ಕ ಭಾಳ ಸರಳ ಐತಿ, ಕುಕ್ಕರ್ ಇಟ್ಟವ್ರಿಗೆಲ್ಲಾ ತಿಳೀತೈತಿ. ಎಂಜಿನ್ನಿಗೆ ತಣ್ಣಗಿರೂದು ಬ್ಯಾಡ, ಹದದಾಗ ಇರೂದು ಬೇಕು. ಒಳಗ ಥರ್ಮೋಸ್ಟಾಟ್ ಅಂತ ಒಂದು ವಾಲ್ ಇರ್ತೈತಿ, ಸಾಮಾನ್ಯಾಗಿ 80ರಿಂದ 90 ಡಿಗ್ರಿ ನಡುವ ಬಾಯಿ ತಗಿತೈತಿ. ಅಲ್ಲೀತನಕ ನೀರು ಎಂಜಿನ್ ಒಳಗ ಸುತ್ತಿ ಲಗೂನ ಬಿಸಿ ಆಗ್ಬೇಕು, ಆಮ್ಯಾಲೆ ರೇಡಿಯೇಟರಿಗೆ ಹೋಗ್ಬೇಕು. ಇನ್ನೂ ಏರಿ 95ರ ಆಸುಪಾಸು ಬಂತಂದ್ರ ಥರ್ಮೋ ಸ್ವಿಚ್ ಫ್ಯಾನಿಗೆ "ಏಳು" ಅಂತೈತಿ, ಇಳಿದ ಮ್ಯಾಲ "ಮಲಕೋ" ಅಂತೈತಿ. ಗಾಡಿ 50-60ರಾಗ ಓಡುವಾಗ ಎದುರು ಗಾಳಿನ ಸಾಕಾಗತೈತಿ, ಫ್ಯಾನಿನ ಹಂಗ ಇಲ್ಲ. ಫ್ಯಾನ್ ಬೇಕಾಗೂದು ನಿಂತಾಗ: ರೈಲ್ವೆ ಗೇಟ್ ಬಿದ್ದಾಗ, ಸಂತಿ ದಿನ ಬಜಾರದಾಗ ಸಿಕ್ಕೊಂಡಾಗ, ಗಜೇಂದ್ರಗಡದ ಗುಡ್ಡದ ಏರು ನಿಧಾನಕ್ಕ ಹತ್ತುವಾಗ.

ರೇಡಿಯೇಟರ್ ಮುಚ್ಚಳಾನೂ ಹಂಗ. ಅದರ ಮ್ಯಾಲ 0.9, 1.1 ಅಂತ ಏನರ ಬರದಿರ್ತೈತಿ ನೋಡ್ರಿ, ಅದು ಒತ್ತಡದ ಲೆಕ್ಕ. ನಮ್ಮ ಕುಕ್ಕರಿನ ಸೀಟಿ ಮಾಡೂ ಕೆಲಸಾನ ಅದು ಮಾಡ್ತೈತಿ. ಒತ್ತಡ ಹಿಡಿದ್ರ ನೀರು 100ಕ್ಕ ಕುದಿಯೂದಿಲ್ಲ, 120ರ ಆಸುಪಾಸಿನತನಾ ತಡೀತೈತಿ. ಮುಚ್ಚಳದ ರಬ್ಬರ್ ಹ್ವಾದ್ರ ತಡಿಯೂದಿಲ್ಲ. ಕುಕ್ಕರಿನ ರಬ್ಬರ್ ಸಡ್ಲ ಆದ್ರ ಬ್ಯಾಳಿ ಬೇಯೂದಿಲ್ಲಂತ ಹೊಸಾದು ತರ್ತೇವಿ. ಕಾರಿಗೆ ಯಾಕ ತರೂದಿಲ್ಲ?

ಏಸಿ ಹಾಕಿದ್ರ ಮುಳ್ಳು ಯಾಕ ಏರ್ತೈತಿ ಅಂತ ಕೇಳ್ತಾರ. ಫ್ರಿಜ್ ಹಿಂದ ಕೈ ಇಟ್ಟು ನೋಡ್ರಿ, ಬೆಚ್ಚಗಿರ್ತೈತಿ. ಒಳಗಿನ ಬಿಸಿ ಹೊರಗ ಹಾಕೂದ ಅದರ ಕೆಲಸ. ಕಾರಿನ್ಯಾಗ ಆ ಬಿಸಿ ಹೊರಗ ಹಾಕೂ ಕಂಡೆನ್ಸರ್ ಸಾಮಾನ್ಯಾಗಿ ರೇಡಿಯೇಟರ್ ಮುಂದನ ಕುಂತಿರ್ತೈತಿ. ಅಂದ್ರ ಏಸಿಯ ಬಿಸಿ ಗಾಳಿ ಸೀದಾ ರೇಡಿಯೇಟರ್ ಮುಖಕ್ಕ! ಅದಕ್ಕ ಏಸಿ ಕಂಪ್ರೆಸರ್ ಹಿಡಿದ ಕೂಡ್ಲೆ, ಎಂಜಿನ್ ಬಿಸಿ ಇರಲಿ ಬಿಡಲಿ, ಫ್ಯಾನ್ ತಿರಗಬೇಕು. ಅಂದ್ರ ಫ್ಯಾನಿಗೆ ಇಬ್ಬರು ಹುಕುಂ ಕೊಡವ್ರು ಬೇಕು: ನೀರಿನ ಬಿಸಿ ಒಂದು, ಏಸಿ ಒಂದು. ಯಾರು ಕರದ್ರೂ ಅದು ಏಳಬೇಕು. ಇಷ್ಟ ಕಂಟ್ರೋಲ್. ಇದನ್ನ ಕಿತ್ತು ಹಾಕಿ ಡೈರೆಕ್ಟ್ ಮಾಡೂದು ಅಂದ್ರ, ಗ್ಯಾಸ್ ಒಲಿಯ ತಿರುವು ಕಿತ್ತು ಒಲಿ ಹಗಲೂ ರಾತ್ರಿ ಉರಿಯೂ ಹಂಗ ಮಾಡೂದು.

"ತಿರಗಲಿ ಬಿಡ್ರಿ, ಏನ್ ಲುಕ್ಸಾನ?" ಅಂತಾರ. ಲುಕ್ಸಾನ ಏನಂತ ನಮ್ಮ ಗಾಡ್ಯಾಗ ಕಂಡೈತಿ. ಊರು ಬ್ಯಾಡ, ಮಿಸ್ತ್ರಿ ಹೆಸರೂ ಬ್ಯಾಡ. ಅವ ರಿಲೇ ಇಲ್ಲದ, ಫ್ಯೂಸ್ ಇಲ್ಲದ ಸಣ್ಣ ವೈರಿನ್ಯಾಗ ಫ್ಯಾನ್ ಡೈರೆಕ್ಟ್ ಮಾಡಿ ಸ್ಟೇರಿಂಗ್ ಕೆಳಗ ಒಂದು ಮನಿ ಲೈಟಿನ ಸ್ವಿಚ್ ಕುಂದ್ರಿಸಿ ಕಳಿಸಿದ್ದ. ಫ್ಯಾನ್ ಎಳೆಯೂದು ಹತ್ತು ಆಂಪಿಯರ್ ಆಸುಪಾಸು, ಅದಕ್ಕೂ ಹೆಚ್ಚ ಇರಬಹುದು. ಒಂದಿನ ಗೇಟಿನ್ಯಾಗ ನಿಂತಾಗ ಪ್ಲಾಸ್ಟಿಕ್ ಸುಟ್ಟ ವಾಸನಿ ಬಂತು. ಸ್ವಿಚ್ ಕರಗಿತ್ತು, ಫ್ಯಾನ್ ನಿಂತಿತ್ತು, ಏಸಿ ಮಾತ್ರ ನಡದಿತ್ತು. ನಮ್ಮನಿಯವ್ರು ನೋಡೂದ್ರಾಗ ಮುಳ್ಳು ಕೆಂಪಿನ್ಯಾಗ. ಅಲ್ಯುಮಿನಿಯಂ ಹೆಡ್ ಅದು, ಕಾಯ್ದ್ರ ಡೊಂಕ ಆಗತೈತಿ. ಗ್ಯಾಸ್ಕೆಟ್ ಹೋತು, ಹೆಡ್ ಇಳಿಸಿ ತಿಕ್ಕಸಬೇಕಾತು. ಅತ್ತಿನ್ನ ಜಾಲಿ ಗಿಡದ ಬುಡಕ್ಕ ಕುಂದ್ರಿಸಿ ನನ್ನ ಸೆರಗಿಲೆ ಗಾಳಿ ಹಾಕಿದೆ. ಆ ಬಿಲ್ಲಿನ ರೊಕ್ಕದಾಗ ನಮ್ಮನಿಗೆ ವರ್ಷದ ಜ್ವಾಳ ಬರ್ತಿತ್ತು. ಮಿಸ್ತ್ರಿ ಏನಂದ ಗೊತ್ತೇನ್ರಿ? "ಹಳೆ ಗಾಡ್ಯಾಗ ಏಸಿ ಹಚ್ಚಬಾರ್ದ್ರಿ ಅಕ್ಕಾರ."

ಇದ ನನ್ನ ಸಿಟ್ಟಿನ ಮೂಲ. ತಪ್ಪು ವೈರಿಂದು, ಬೈಗುಳ ಏಸಿಗೆ. ಡೈರೆಕ್ಟ್ ಫ್ಯಾನ್ ಜಡ್ಡು ವಾಸಿ ಮಾಡೂದಿಲ್ಲ, ಮುಚ್ಚತೈತಿ. ರೇಡಿಯೇಟರ್ ಒಳಗ ನಮ್ಮ ಬೋರಿನ ಸವಳು ನೀರು ಹಾಕಿ ಹಾಕಿ, ಬಚ್ಚಲ ಹಂಡೇಕ ಕಟ್ಟಿದಂಗ ಸುಣ್ಣ ಕಟ್ಟಿರ್ತೈತಿ. ಹೊರಗ ಕಂಡೆನ್ಸರ್ ಸಂದ್ಯಾಗ ಎರಿ ಧೂಳು, ಜ್ವಾಳದ ಹೊಟ್ಟು, ಹತ್ತಿ ಎಳಿ ತುಂಬಿರ್ತೈತಿ. ಇವನ್ನ ನೋಡದ ಫ್ಯಾನ್ ತಿರುಗಿಸಿದ್ರ ಸ್ವಲ್ಪ ದಿನ ನಡೀತೈತಿ, ಆಮ್ಯಾಲೆ ನಟ್ಟ ನಡು ಹಾದ್ಯಾಗ ಕೈ ಕೊಡ್ತೈತಿ. ಕೆಲವ್ರಂತೂ ಥರ್ಮೋಸ್ಟಾಟ್ ವಾಲನ್ನೂ ಕಿತ್ತು ಒಗಿತಾರ. ಎಂಜಿನ್ ಹದಕ್ಕ ಬರೂದ ತಡಾ ಆಗಿ ಪೆಟ್ರೋಲ್ ಹೆಚ್ಚ ಕುಡೀತೈತಿ, ಆವಾಗ ಪೆಟ್ರೋಲ್ ಬಂಕಿನವಗ ಬೈತಾರ.

ಗ್ಯಾಸಿಂದು ಇನ್ನೊಂದು ಕತಿ. ಯುಗಾದಿ ಮುಗೀತಂದ್ರ "ಏಸಿ ಗ್ಯಾಸ್ ಹಾಕಸ್ರಿ" ಅಂತ ಶುರು. ನಿಮ್ಮನಿ ಫ್ರಿಜ್ಜಿಗೆ ವರ್ಷಾ ಗ್ಯಾಸ್ ಹಾಕಸ್ತೀರೇನು? ಅದು ಅಡಗಿ ಸಿಲಿಂಡರ್ ಹಂಗ ಉರದು ಖಾಲಿ ಆಗೂದಲ್ಲ. ಸುತ್ತಿ ಸುತ್ತಿ ಅದ ಗ್ಯಾಸ್ ಬರ್ತೈತಿ. ವರ್ಷಾ ಕಮ್ಮಿ ಆಗತೈತಿ ಅಂದ್ರ ಎಲ್ಲೋ ಸೋರಾಕತ್ತೈತಿ. ಸೋರೂದು ಹುಡುಕದ ತುಂಬಿಸಿದ್ರ ತೂತಿನ ಕೊಡಕ್ಕ ನೀರು ಹಾಕಿದಂಗ. ಭಾಳ ಹಳೆ ಗಾಡಿಗೋಳಾಗ ಆರ್-12 ಅಂತ ಗ್ಯಾಸ್ ಇತ್ತು. ಓಝೋನ್ ತೂತು ಮಾಡ್ತೈತಂತ 1987ರ ಮಾಂಟ್ರಿಯಲ್ ಒಪ್ಪಂದದಿಂದ ಅದು ಹೋಗಿ ಆರ್-134ಎ ಬಂತು. ಎರಡಕ್ಕೂ ಎಣ್ಣಿ ಬ್ಯಾರೆ ಬ್ಯಾರೆ. ಹಳೆ ಎಣ್ಣಿ ಮ್ಯಾಲ ಹೊಸ ಗ್ಯಾಸ್ ತುಂಬಿದ್ರ ಕಂಪ್ರೆಸರ್ ಸಾಯ್ತೈತಿ. ಗ್ಯಾಸ್ ಕಮ್ಮಿ ಆದ್ರ ಕಂಪ್ರೆಸರ್ ಬಂದ್ ಮಾಡಾಕ ಪ್ರೆಶರ್ ಸ್ವಿಚ್ ಇರ್ತೈತಿ. ನಮ್ಮವ್ರು ಅದನ್ನೂ ಡೈರೆಕ್ಟ್ ಮಾಡ್ತಾರ!

ಕಾರಿಗೆ ಏಸಿ ಬಂದ ಹೊಸತರಾಗ, 1940ರ ಸುಮಾರಿನ ಅಮೆರಿಕದ ಪ್ಯಾಕಾರ್ಡ್ ಕಾರಿನ್ಯಾಗ, ಕಂಪ್ರೆಸರಿಗೆ ಕ್ಲಚ್ ಇರಲಿಲ್ಲಂತ. ಏಸಿ ಬಂದ್ ಮಾಡ್ಬೇಕಂದ್ರ ಎಂಜಿನ್ ನಿಲ್ಲಿಸಿ, ಬಾನೆಟ್ ಎತ್ತಿ ಬೆಲ್ಟ್ ಬಿಚ್ಚಬೇಕಿತ್ತು. ಅಲ್ಲಿಂದ ಮುಂದ ಬರಾಕ ಎಷ್ಟು ಮಂದಿ ತಲಿ ಕೆಡಿಸ್ಕೊಂಡಾರೋ. ಹಳೆ ಪೋರ್ಷೆ 911ಗೆ ನೀರಿನ ರೇಡಿಯೇಟರ್ರ ಇಲ್ಲ, ಎಂಜಿನ್ ಹಿಂದೈತಿ, ಏಸಿ ಕಂಡೆನ್ಸರ್ ಆ ಬಿಸಿ ಎಂಜಿನ್ ಮ್ಯಾಲಿನ ಮುಚ್ಚಳದಾಗ. ಅದರ ಏಸಿ ಸಪ್ಪಗಂತ ಹೆಸರಾಗಿತ್ತು. ಅಂಥಾ ಗಾಡಿಗೂ ಅದನ್ನ ಪ್ರೀತಿ ಮಾಡವ್ರು ಇನ್ನೊಂದು ಕಂಡೆನ್ಸರ್, ಅದಕ್ಕ ಅದರದ ಫ್ಯಾನ್, ರಿಲೇ ಹಾಕಿ ತಂಪ ಮಾಡ್ಕೋತಾರ. ನಮ್ಮ ಝೆನ್ನಿಗೆ ಅಷ್ಟೆಲ್ಲಾ ಬೇಕಾಗಿಲ್ಲ. ಕಂಪನಿಯವ್ರು ಕೊಟ್ಟ ಕಂಟ್ರೋಲ್ ಉಳಿಸ್ಕೊಂಡ್ರ ಸಾಕು.

ಮಿಸ್ತ್ರಿಗಳ ಕಷ್ಟಾನೂ ಗೊತ್ತೈತಿ. ಹಳೆ ಗಾಡಿಯ ಸ್ವಿಚ್ ರೋಣದಾಗ ಸಿಗೂದಿಲ್ಲ, ಹುಬ್ಬಳ್ಳಿಯಿಂದ ತರಸಬೇಕು. ಅಲ್ಲೀತನಾ ಕಾಯೂ ತಾಳ್ಮಿ ನಮ್ಮ ಗಂಡಸರಿಗಿಲ್ಲ, "ಇವತ್ತ ಮಾಡಿ ಕೊಡು, ಕಮ್ಮಿಯಾಗ ಮಾಡು" ಅಂತ ಕುತಿಗಿ ಮ್ಯಾಲ ಕುಂದ್ರತಾರ. ಊರಿಗೆ ಮುಟ್ಟಾಕ ಒಂದಿನ ಡೈರೆಕ್ಟ್ ಮಾಡಿದ್ರ ಒಪ್ಪತೇನಿ. ಒಂದಿನದ್ದು ಒಂಬತ್ತು ವರ್ಷ ಆಗೂದು ಒಪ್ಪೂದಿಲ್ಲ. ನಾಲ್ಕು ಕಾಲಿನ ರಿಲೇಕ್ಕ ಎರಡ್ಮೂರು ನೂರ ರೂಪಾಯಿ ಒಳಗ ಬರ್ತೈತಿ, ಫ್ಯೂಸಿಗೆ ಚಾದ ರೊಕ್ಕ.

ನಾವೀಗ ಮಾಡ್ಸಿದ್ದು ಇಷ್ಟ: ಹೊಸ ಥರ್ಮೋ ಸ್ವಿಚ್, ಬ್ಯಾಟರಿಯಿಂದ ದಪ್ಪ ವೈರು, ನಡುವ ಫ್ಯೂಸ್, ರಿಲೇ, ಏಸಿಯಿಂದನೂ ಫ್ಯಾನಿಗೆ ಹುಕುಂ. ರೇಡಿಯೇಟರ್ ತೊಳಿಸಿ ಕೂಲಂಟು, ಶುದ್ಧ ನೀರು ಅರ್ಧಾ ಅರ್ಧಾ. ಕಂಡೆನ್ಸರ್ ಸಂದಿ ನಾನ ಮೆತ್ತನ್ನ ಬ್ರಶ್ಶಿಲೆ, ತಗಡು ಬಾಗದಂಗ, ಸಣ್ಣ ನೀರು ಬಿಟ್ಟು ತೊಳದೆ. ಹೊಟ್ಟು ಎಷ್ಟು ಬಂತಂದ್ರ, ನಮ್ಮ ಆಕಳು ಮೂಸಿ ನೋಡ್ತು.

ನಿಮ್ಮನಿ ಗಾಡಿ ಬಾಗಲದಾಗ ನಿಂತಿದ್ರ ನಾಳೆ ಮುಂಜಾನೆ ತಣ್ಣಗಿದ್ದಾಗ ಏಸಿ ಬಂದ್ ಇಟ್ಟು ಚಾವಿ ತಿರುವಿ ಕಿವಿ ಕೊಡ್ರಿ. ಆವಾಗ್ಲೇ ಫ್ಯಾನ್ ಗರ್ ಅಂದ್ರ ಯಾರೋ ಡೈರೆಕ್ಟ್ ಮ್ಯಾಡ್ಯಾರ, ಇಲ್ಲಾ ಸ್ವಿಚ್ ಕೆಟ್ಟೈತಿ. ಮನಿಯವರಿಗೆ ಚಾ ಕೊಡುವಾಗ ಕೇಳ್ರಿ, "ಇದರ ಫ್ಯೂಸ್ ಎಲ್ಲೈತ್ರಿ?"